ಹೊಸ ಹೆಡ್, ಹೊಸ ಕ್ಯಾಮ್: ಪಿಸ್ಟನ್‌ಗೂ ವಾಲ್ವ್‌ಗೂ ನಡುವಿನ ಅಂತರ ನಾನು ಅಳೆಯುವ ಬಗೆ

ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳ ದಂಡ, ಅಂದರೆ ಕ್ಯಾಮ್ ಬದಲಿಸುವವರು ಮೊದಲು ಕೇಳುವುದು ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಎಷ್ಟು ಅಂತ. ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೋ ಇಲ್ಲವೋ ಅನ್ನುವುದು ಆ ಅಂಕಿಯೊಂದರಿಂದ ಗೊತ್ತಾಗುವುದಿಲ್ಲ. ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವ ಹೊತ್ತಿಗೆ ಕ್ರ್ಯಾಂಕ್ ಟಿಡಿಸಿ (ಪಿಸ್ಟನ್ ತೀರ ಮೇಲಿರುವ ಬಿಂದು) ದಾಟಿ 105–110 ಡಿಗ್ರಿ ತಿರುಗಿರುತ್ತದೆ, ಪಿಸ್ಟನ್ ಅರ್ಧಕ್ಕಿಂತ ಕೆಳಗಿರುತ್ತದೆ. ಅಪಾಯವಿರುವುದು ಓವರ್‌ಲ್ಯಾಪ್‌ನಲ್ಲಿ, ಅಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವಾಗ. ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚುತ್ತಿರುವಾಗ ಪಿಸ್ಟನ್ ಅದರ ಬೆನ್ನು ಹತ್ತಿ ಮೇಲೆ ಬರುತ್ತದೆ. ಟಿಡಿಸಿ ಆದಮೇಲೆ ತೆರೆಯುತ್ತಿರುವ ಇನ್‌ಟೇಕ್ ವಾಲ್ವ್ ಪಿಸ್ಟನ್ನಿನ ಬೆನ್ನು ಹತ್ತುತ್ತದೆ. ಸಾಮಾನ್ಯವಾಗಿ ಎಕ್ಸಾಸ್ಟ್‌ಗೆ ಟಿಡಿಸಿಗೆ 10–15 ಡಿಗ್ರಿ ಮುಂಚೆ, ಇನ್‌ಟೇಕ್‌ಗೆ ಟಿಡಿಸಿ ದಾಟಿ 10–15 ಡಿಗ್ರಿಗೆ ಅಂತರ ಅತಿ ಕಡಿಮೆ. ಲಿಫ್ಟ್ ಹಳೆಯದರಷ್ಟೇ ಇದ್ದರೂ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) ಹೆಚ್ಚಿದ್ದರೆ ಅಥವಾ ಲೋಬ್ ಸೆಪರೇಷನ್ (ಎರಡು ಉಬ್ಬುಗಳ ನಡುವಿನ ಕೋನ) ಕಿರಿದಾದರೆ ಬಡಿಯಬಹುದು. ಹೆಡ್ ಮಿಲ್ಲಿಂಗ್ ಮಾಡಿಸಿದ್ದು, ಬ್ಲಾಕ್ ಡೆಕ್ ಮಾಡಿಸಿದ್ದು (ಎರಡೂ ಮೇಲ್ಮೈ ಸವೆಸುವ ಕೆಲಸ), ದೊಡ್ಡ ವಾಲ್ವ್, ವಾಲ್ವನ್ನು ಒತ್ತುವ ಹೆಚ್ಚಿನ ರೇಷಿಯೋದ ರಾಕರ್, ಎಲ್ಲವೂ ಇದೇ ಅಂತರವನ್ನು ತಿನ್ನುತ್ತವೆ.

ಪುಶ್‌ರಾಡ್ ಎಂಜಿನ್‌ನಲ್ಲಿ (ಕ್ಯಾಮ್ ಬ್ಲಾಕ್‌ನಲ್ಲಿದ್ದು ಕಡ್ಡಿಗಳಿಂದ ರಾಕರ್ ಎತ್ತುವಂಥದ್ದು) ನಾನು ಮಾಡುವ ಕ್ರಮ ಇದು. ಮೊದಲು ಕ್ರ್ಯಾಂಕ್‌ಗೆ ಡಿಗ್ರಿ ವೀಲ್ (ಕೋನ ಗುರುತಿಸಿದ ಚಕ್ರ) ಕಟ್ಟಿ, ಪಿಸ್ಟನ್ ಸ್ಟಾಪ್‌ನಿಂದ ನಿಜವಾದ ಟಿಡಿಸಿ ಹಿಡಿದು, ಕ್ಯಾಮನ್ನು ಅದರ ಜೊತೆ ಬಂದ ಕಾರ್ಡ್‌ನಲ್ಲಿರುವ ಸೆಂಟರ್‌ಲೈನ್‌ಗೆ (ಲಿಫ್ಟ್ ಅತಿ ಹೆಚ್ಚಿರುವ ಕೋನ) ಕೂರಿಸುತ್ತೇನೆ. ಇದಕ್ಕೂ ಮೊದಲು ಅಳೆದರೆ ಶ್ರಮ ದಂಡ. ಕ್ಯಾಮ್ ಜರುಗಿಸಿದ ಕೂಡಲೇ ಅಂಕಿಗಳೂ ಬದಲಾಗುತ್ತವೆ. ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮ್‌ಗೂ ಪುಶ್‌ರಾಡ್‌ಗೂ ನಡುವೆ ಕೂರುವ, ಒಳಗೆ ಎಣ್ಣೆ ತುಂಬುವ ತುಂಡು) ಇದ್ದರೆ ಹಾಗೇ ಬಳಸುವುದಿಲ್ಲ. ಎಣ್ಣೆಯ ಒತ್ತಡವಿಲ್ಲದೆ ವಾಲ್ವ್ ಸ್ಪ್ರಿಂಗ್ ಅದನ್ನು ಅದುಮಿಬಿಡುತ್ತದೆ, ವಾಲ್ವ್ ಕಡಿಮೆ ತೆರೆಯುತ್ತದೆ, ಅಂತರ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಒಂದು ಜೊತೆ ಟ್ಯಾಪೆಟ್ ಬಿಚ್ಚಿ, ಪ್ಲಂಜರ್ ಕೆಳಗೆ ವಾಷರ್ ತುಂಬಿ ಗಟ್ಟಿ ಮಾಡಿಕೊಂಡು, ಹೊಂದಿಸಬಹುದಾದ ಪುಶ್‌ರಾಡ್‌ನಿಂದ ಲ್ಯಾಶ್ (ಸಡಿಲ) ಸೊನ್ನೆಗೆ ತರುತ್ತೇನೆ. ಗ್ಯಾಸ್ಕೆಟ್ ಹೊಸದು ಬೇಡ. ಅದೇ ಮಾದರಿಯ, ಒಮ್ಮೆ ಬಿಗಿದು ಕುಗ್ಗಿದ್ದು ಸಾಕು.

ಕ್ಲೇ ಹಾಕುವುದು ಆಕಾರ ನೋಡುವುದಕ್ಕೆ. ಮಕ್ಕಳು ಆಡುವ ಕ್ಲೇಯನ್ನು ಸುಮಾರು 6 ಮಿ.ಮೀ. ದಪ್ಪಕ್ಕೆ ತಟ್ಟಿ ಪಿಸ್ಟನ್ನಿನ ಎರಡೂ ಪಾಕೆಟ್‌ಗಳ (ವಾಲ್ವ್‌ಗೆಂದು ಕೊರೆದ ತಗ್ಗುಗಳು) ಮೇಲೆ, ಅಂಚು ದಾಟುವ ಹಾಗೆ ಒತ್ತಬೇಕು. ವಾಲ್ವ್ ಮುಖಕ್ಕೆ ಎಣ್ಣೆ ಸವರದಿದ್ದರೆ ಕ್ಲೇ ಅದಕ್ಕೇ ಅಂಟಿಕೊಂಡು ಕಿತ್ತು ಬರುತ್ತದೆ. ಹೆಡ್ ಬಿಗಿದು ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ಪೂರ್ತಿ ಎರಡು ಸುತ್ತು. ನಡುವೆ ತಡೆದರೆ ಅಲ್ಲೇ ನಿಲ್ಲಿಸಿ, ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆಯುವ ಕೆಲಸವಲ್ಲ ಇದು. ಹೆಡ್ ಬಿಚ್ಚಿ, ಅಚ್ಚನ್ನು ಬ್ಲೇಡಿನಿಂದ ನಡುವೆ ಸೀಳಿ, ತೀರ ತೆಳುವಾದ ಜಾಗವನ್ನು ವರ್ನಿಯರ್‌ನ ಆಳ ಅಳೆಯುವ ಕಡ್ಡಿಯಿಂದ ಅಳೆಯುತ್ತೇನೆ. ತಳವನ್ನಷ್ಟೇ ನೋಡಿ ಬಿಡಬೇಡಿ. ವಾಲ್ವ್ ದೊಡ್ಡದಾದಾಗ ಅಚ್ಚು ಪಾಕೆಟ್‌ನ ನಡುವೆ ಕೂರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ಆ ಕಡೆಯ ಕ್ಲೇ ಗೋಡೆ ಕಾಗದದ ಹಾಗಿರುತ್ತದೆ. ಅಲ್ಲಿ ಕನಿಷ್ಠ 1.25 ಮಿ.ಮೀ. ಬೇಕು. ಡಯಲ್ ಗೇಜ್ ಈ ಬದಿಯ ಅಂತರವನ್ನು ತೋರಿಸುವುದೇ ಇಲ್ಲ.

ತಳದ ಅಂತರಕ್ಕೆ ಮಾತ್ರ ನಾನು ನಂಬುವುದು ಡಯಲ್ ಗೇಜನ್ನೇ. ಬೆರಳಿಗೆ ಬಗ್ಗುವ ತೆಳು ಸ್ಪ್ರಿಂಗ್ ಹಾಕಿ, ಗೇಜಿನ ಕಡ್ಡಿಯನ್ನು ರಿಟೇನರ್ (ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ) ಮೇಲೆ ವಾಲ್ವ್ ಸ್ಟೆಮ್‌ಗೆ ಸಮಾನಾಂತರವಾಗಿ ಇಡಬೇಕು. ಓರೆಯಾದರೆ ಅಂಕಿ ಸುಳ್ಳು. ಎಕ್ಸಾಸ್ಟ್‌ಗೆ ಟಿಡಿಸಿಗೆ 20 ಡಿಗ್ರಿ ಮುಂಚಿನಿಂದ ಟಿಡಿಸಿವರೆಗೆ, ಇನ್‌ಟೇಕ್‌ಗೆ ಟಿಡಿಸಿಯಿಂದ 20 ಡಿಗ್ರಿ ಆಚೆಗೆ, ಪ್ರತಿ 2 ಡಿಗ್ರಿಗೆ ನಿಂತು ಗೇಜ್ ಸೊನ್ನೆ ಮಾಡಿ, ವಾಲ್ವನ್ನು ಪಿಸ್ಟನ್ ಮುಟ್ಟುವವರೆಗೆ ಒತ್ತಿ ಬರೆದುಕೊಳ್ಳುತ್ತೇನೆ. ಸಾಲಿನಲ್ಲಿ ಅತಿ ಚಿಕ್ಕ ಅಂಕಿಯೇ ಉತ್ತರ. ಒಂದೇ ಸಿಲಿಂಡರ್ ನೋಡಿ ಮುಗಿಸುವುದಿಲ್ಲ, ಎರಡೂ ತುದಿಯದನ್ನು ನೋಡುತ್ತೇನೆ. ಡೆಕ್ ಓರೆ ಮಿಲ್ ಆಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಸ್ಟೀಲ್ ಕನೆಕ್ಟಿಂಗ್ ರಾಡ್ ಇದ್ದರೆ ಇನ್‌ಟೇಕ್‌ಗೆ 2.0, ಎಕ್ಸಾಸ್ಟ್‌ಗೆ 2.5 ಮಿ.ಮೀ. ಕನಿಷ್ಠ. ಎಕ್ಸಾಸ್ಟ್‌ಗೆ ಯಾಕೆ ಹೆಚ್ಚು? ಅದು ಹೆಚ್ಚು ಕಾದು ಉದ್ದವಾಗುತ್ತದೆ. ವೇಗ ಏರಿದಾಗ ಸ್ಪ್ರಿಂಗ್ ಸೋತು ವಾಲ್ವ್ ತಡವಾಗಿ ಮುಚ್ಚಿದರೆ ಮೇಲೆ ಬರುವ ಪಿಸ್ಟನ್‌ಗೆ ಸಿಗುವುದೂ ಅದೇ. ಅಲ್ಯುಮಿನಿಯಂ ರಾಡ್ ಹೆಚ್ಚು ಹಿಗ್ಗುವುದರಿಂದ ಇನ್ನೂ ಜಾಗ ಬಿಡಬೇಕು. ವೇರಿಯಬಲ್ ಟೈಮಿಂಗ್ ಇದ್ದರೆ ಇನ್‌ಟೇಕ್ ಪೂರ್ತಿ ಅಡ್ವಾನ್ಸ್ (ಮುಂಚಿತ), ಎಕ್ಸಾಸ್ಟ್ ಪೂರ್ತಿ ರಿಟಾರ್ಡ್ (ತಡ) ಇರುವಾಗ ಅಳೆಯಿರಿ.

ಸಾಲದಿದ್ದರೆ ದಪ್ಪ ಗ್ಯಾಸ್ಕೆಟ್ ಹಾಕುವುದು ಸುಲಭದ ದಾರಿ, ನನಗೆ ಇಷ್ಟವಿಲ್ಲದ್ದು. ಕಂಪ್ರೆಷನ್ ಇಳಿಯುತ್ತದೆ, ಕ್ವೆಂಚ್ (ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಇಕ್ಕಟ್ಟು) ಕೆಡುತ್ತದೆ. ಮೇಲಾಗಿ 15 ಡಿಗ್ರಿ ಓರೆಯಾದ ವಾಲ್ವ್‌ಗೆ 1 ಮಿ.ಮೀ. ದಪ್ಪದಿಂದ ಸಿಗುವುದು 0.97 ಮಾತ್ರ. ಒಂಟಿ ಕ್ಯಾಮ್ ರಿಟಾರ್ಡ್ ಮಾಡಿದರೆ ಇನ್‌ಟೇಕ್‌ಗೆ ಜಾಗ ಸಿಕ್ಕರೂ ಎಕ್ಸಾಸ್ಟ್‌ನದು ಕುಗ್ಗುತ್ತದೆ. ಕೊರತೆ ಅರ್ಧ ಮಿ.ಮೀ. ದಾಟಿದರೆ ನಾನು ಪಾಕೆಟ್ ಆಳ ಮಾಡಿಸುತ್ತೇನೆ, ಪಿಸ್ಟನ್ ತಲೆಯ ದಪ್ಪ ಅಳೆದು, ಮೇಲಿನ ರಿಂಗ್ ಕೂರುವ ತೋಡಿನ ಹಿಂದೆ ಎಷ್ಟು ಲೋಹ ಉಳಿಯುತ್ತದೆ ಅಂತ ನೋಡಿದ ಮೇಲೆಯೇ. ಕೊರೆದ ಅಂಚುಗಳನ್ನು ಎಮರಿಯಿಂದ ದುಂಡಗೆ ಮಾಡಲೇಬೇಕು. ಚೂಪಾಗಿ ಬಿಟ್ಟರೆ ಆ ಅಂಚು ಕೆಂಪಗೆ ಕಾದು, ಪ್ಲಗ್ ಕಿಡಿ ಹಾರಿಸುವ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ.