ಬರಕ್ಕೆ ಬಸವಳಿದ ಹಳೆಯ ಮರಕ್ಕೆ ಗೊಬ್ಬರ ಹಾಕಬೇಕೇ?

ಏಪ್ರಿಲ್ ಹೊತ್ತಿಗೆ ಮನೆಯೆದುರಿನ ಹಳೆಯ ಮಾವಿನ ಮರದ ನೆತ್ತಿ ತೆಳುವಾಗಿ, ಎಲೆಯ ಅಂಚು ಸುಟ್ಟಂತೆ ಕಂಡರೆ ಸೊಸೈಟಿಯಿಂದ ಯೂರಿಯಾ ತಂದು ಬುಡಕ್ಕೆ ಸುರಿಯುವವರೇ ಹೆಚ್ಚು. ಸುರಿಯಬೇಡಿ. ರಾಸಾಯನಿಕ ಗೊಬ್ಬರ ಮಣ್ಣಿನಲ್ಲಿ ಉಪ್ಪಿನಂತೆಯೇ ಕೆಲಸ ಮಾಡುತ್ತದೆ. ಒಣಮಣ್ಣಿನಲ್ಲಿ ಅದು ಗಾಢವಾಗಿ ಕೂತು, ಬೇರಿಗೆ ಸಿಗಬೇಕಾದ ಅಷ್ಟಿಷ್ಟು ನೀರನ್ನೂ ತಡೆಯುತ್ತದೆ, ಎಳೆ ಬೇರಿನ ತುದಿ ಸುಡುತ್ತದೆ. ಹೇಗೋ ಒಳಗೆ ಹೋದ ಸಾರಜನಕ ಚಿಗುರನ್ನು ಎಬ್ಬಿಸುತ್ತದೆ. ಹೊಸ ಎಲೆ ಬಂದಷ್ಟೂ ನೀರಿನ ಖರ್ಚು ಹೆಚ್ಚು. ಬೇರು ಕಟ್ಟಲು ಮರ ಕೂಡಿಟ್ಟ ಪಿಷ್ಟವೂ ಚಿಗುರಿಗೇ ಹೋಗುತ್ತದೆ. ಬೇಸಿಗೆಯಲ್ಲಿ ಮರಕ್ಕೆ ಬೇಕಾದ್ದು ನೀರು ಮತ್ತು ದರಕು, ಅಂದರೆ ಉದುರಿದ ಒಣ ಎಲೆಯ ಹೊದಿಕೆ. ಗೊಬ್ಬರದ ಸರದಿ ಒಂದು ಒಳ್ಳೆಯ ಮಳೆಗಾಲ ಕಳೆದ ಮೇಲೆ.

ಅದಕ್ಕೂ ಮೊದಲು ತೊಂದರೆ ನಿಜವೇ ಎಂದು ನೋಡಬೇಕು. ತೇಗ, ಮತ್ತಿ, ಅಶ್ವತ್ಥ ಎಲೆ ಉದುರಿಸುವುದು ಅವುಗಳ ಕ್ರಮ. ಮಾವು, ಹಲಸು, ರೆಂಜೆ ಹಾಗಲ್ಲ, ಅವುಗಳ ನೆತ್ತಿ ಬೋಳಾದರೆ ಯೋಚಿಸಬೇಕಾದ್ದೇ. ಪೆನ್ಸಿಲ್ ದಪ್ಪದ ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಒದ್ದೆ ಹಸಿರು ಕಂಡರೆ ಜೀವವಿದೆ. ಕಂದುಬಣ್ಣದ ಒಣಪುಡಿ ಉದುರಿದರೆ ಅಷ್ಟು ಭಾಗ ಹೋಯಿತು. ತುದಿಯಿಂದ ಹಿಂದಕ್ಕೆ ಕೆರೆಯುತ್ತ ಬಂದರೆ ಹಸಿರು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತದೆ, ಒಣಗಿದ್ದನ್ನು ಅಲ್ಲಿಗೇ ಕತ್ತರಿಸಬಹುದು. ಹಸಿರು ಕೊಂಬೆಗಳನ್ನು ಮುಟ್ಟಬೇಡಿ, ಸೊರಗಿದ ಮರಕ್ಕೆ ಉಳಿದಿರುವುದು ಅದೇ ಎಲೆ.

ಒಂದು ಹಸಿರನ್ನು ಮಾತ್ರ ಕಡಿಯಲೇಬೇಕು: ಕೊಂಬೆಗೆ ಅಂಟಿ ಮರದ ಸತ್ವ ಹೀರುವ ಪರಾವಲಂಬಿ ಗಿಡ, ಬಂದಳಿಕೆ. ಮರವೆಲ್ಲ ಬಾಡಿದ್ದರೂ ಅದು ದಟ್ಟವಾಗಿ ನಿಂತಿರುವುದರಿಂದ ಬೇಸಿಗೆಯಲ್ಲೇ ಗುರುತು ಹಿಡಿಯುವುದು ಸುಲಭ. ಬರೀ ಬಂದಳಿಕೆ ಕಿತ್ತರೆ ಕೊಂಬೆಯೊಳಗೆ ಉಳಿದದ್ದು ಮತ್ತೆ ಚಿಗುರುತ್ತದೆ. ಅಂಟಿದ ಜಾಗದಿಂದ ಬುಡದ ಕಡೆಗೆ ಒಂದಡಿ ಬಿಟ್ಟು ಕೊಂಬೆಯನ್ನೇ ತೆಗೆಯಿರಿ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿದರಾಯಿತು. ಕಬ್ಬಿಣದ ಪಾತ್ರೆ ಬೇಡ. ಅಡಿಕೆಯ ಕೊಳೆ ರೋಗಕ್ಕೆ ಹೊಡೆದು ಉಳಿದ ಶೇ. 1ರ ಬೋರ್ಡೋ ದ್ರಾವಣವನ್ನೇ ಬಳಿಯುವವರಿದ್ದಾರೆ, ಗಾಯಕ್ಕೆ ಅದು ತೀರಾ ತೆಳು.

ಇನ್ನು ನೀರು. ಬುಡಕ್ಕೆ ತಾಗಿಸಿ ಪೈಪು ಇಟ್ಟರೆ ಪ್ರಯೋಜನ ಕಡಿಮೆ. ಹಳೆಯ ಮರದಲ್ಲಿ ನೀರು ಹೀರುವ ಸಣ್ಣ ಬೇರುಗಳು ಕಾಂಡದಿಂದ ದೂರ, ಕೊಂಬೆಯ ತುದಿಯಿಂದ ಹನಿ ಬೀಳುವ ಗೆರೆಯ ಸುತ್ತಮುತ್ತ ಮತ್ತು ಅದರ ಆಚೆಗೂ, ಹೆಚ್ಚಾಗಿ ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಕಾಂಡದಿಂದ ಕೊಂಬೆ ತುದಿಗೆ 5 ಮೀಟರ್ ಇರುವ ಮರಕ್ಕೆ, ಆ ದೂರದ ಹೊರಗಿನ ಅರ್ಧವನ್ನು ಲೆಕ್ಕ ಹಿಡಿದರೂ ಸುಮಾರು 60 ಚದರ ಮೀಟರ್ ಆಗುತ್ತದೆ. ಅಷ್ಟೂ ಜಾಗ ತೋಯಿಸಲು ಮೇ ತಿಂಗಳಲ್ಲಿ ಯಾರ ಬಾವಿಯಲ್ಲೂ ನೀರಿರುವುದಿಲ್ಲ. ಅದರಲ್ಲಿ ಮೂರನೇ ಒಂದು ಪಾಲು, 20 ಚದರ ಮೀಟರನ್ನು ಎರಡು ಮೂರು ಕಡೆ ಹಂಚಿಕೊಂಡು, 15ರಿಂದ 20 ದಿನಕ್ಕೊಮ್ಮೆ 1000 ಲೀಟರ್ ನಿಧಾನಕ್ಕೆ ಇಂಗಿಸಿ. ದಿನಾ ಎರಡು ಕೊಡ ಹೊಯ್ದರೆ ಮೇಲುಮಣ್ಣು ಒದ್ದೆಯಾಗಿ ಆರುತ್ತದೆ, ಅಷ್ಟೇ. ಮರುದಿನ ಒಂದು ತೆಳು ಕಬ್ಬಿಣದ ಸರಳು ಚುಚ್ಚಿ ನೋಡಿ: ಒಂದಡಿ ಸಲೀಸಾಗಿ ಇಳಿದರೆ ನೀರು ಸಾಕಷ್ಟು ಇಂಗಿದೆ, ನಾಲ್ಕು ಬೆರಳಿಗೇ ಕಚ್ಚಿಕೊಂಡರೆ ಇನ್ನೂ ಬಿಡಬೇಕು. ಕಾರವಾರ, ಅಂಕೋಲೆ ಕಡೆಯ ಮರಳು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಅದೇ ನೀರನ್ನು ಎರಡು ಕಂತು ಮಾಡಿ ಕೊಡುವುದು ಮೇಲು. ಕಡಲಂಚಿನ ಬಾವಿ ಬೇಸಿಗೆಯಲ್ಲಿ ಉಪ್ಪಾಗಿದ್ದರೆ ಆ ನೀರು ಬೇಡವೇ ಬೇಡ. ತೆಂಗು ತಾಳಿಕೊಳ್ಳುತ್ತದೆ, ಮಾವು ತಾಳುವುದಿಲ್ಲ.

ದರಕಿನ ವಿಷಯದಲ್ಲಿ ನಮ್ಮ ಕಡೆಯ ರೂಢಿಯೇ ಮರಕ್ಕೆ ಎದುರು. ಬಿದ್ದ ಎಲೆಯನ್ನೆಲ್ಲ ಗುಡಿಸಿ ಕೊಟ್ಟಿಗೆಗೆ ಹಾಸುತ್ತೇವೆ, ಇಲ್ಲವೇ ಅಂಗಳದ ಮೂಲೆಯಲ್ಲಿ ಸುಡುತ್ತೇವೆ. ಆಮೇಲೆ ಅದೇ ಮರಕ್ಕೆ ಗೊಬ್ಬರ ಕೊಳ್ಳುತ್ತೇವೆ. ಕೊಂಬೆಯ ನೆರಳಿನಷ್ಟು ಜಾಗದಲ್ಲಾದರೂ ಎಲೆ ಅಲ್ಲೇ ಇರಲಿ. ಮೂರರಿಂದ ನಾಲ್ಕು ಅಂಗುಲ ದಪ್ಪ ಸಾಕು, ಕಾಂಡದ ಸುತ್ತ ಒಂದಡಿ ಖಾಲಿ ಬಿಡಬೇಕು. ಬುಡಕ್ಕೆ ಒತ್ತಿ ರಾಶಿ ಹಾಕಿದರೆ ಮಳೆಗಾಲದಲ್ಲಿ ತೊಗಟೆ ಕೊಳೆಯುತ್ತದೆ, ಒರಲೆಯೂ ಅಲ್ಲೇ ಮನೆ ಮಾಡುತ್ತದೆ. ಮಣ್ಣು ಏರಿಸಿ ಕಟ್ಟೆ ಕಟ್ಟುವುದೂ ಇದೇ ಕಾರಣಕ್ಕೆ ತಪ್ಪು.

ಗೊಬ್ಬರಕ್ಕೆ ಸೆಪ್ಟೆಂಬರ್ ಕೊನೆ ಸರಿಯಾದ ಕಾಲ. ಜುಲೈ ಮಳೆಗೆ ಹಾಕಿದ್ದು ಹಳ್ಳ ಸೇರುತ್ತದೆ. ಅಕ್ಟೋಬರ್ ದಾಟಿ ಹಾಕಿದರೆ ಎದ್ದ ಚಿಗುರು ನೇರ ಒಣ ಹವೆಗೆ ಸಿಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಚದರ ಮೀಟರಿಗೆ 2 ಕಿಲೋದಂತೆ, ಅಂದರೆ ಮೇಲೆ ಹೇಳಿದ 60 ಚದರ ಮೀಟರಿಗೆ 120 ಕಿಲೋ, ಐದು ಹೆಡಗೆ. ದರಕನ್ನು ಸರಿಸಿ, ತೆಳುವಾಗಿ ಎರಚಿ, ಮತ್ತೆ ದರಕು ಮುಚ್ಚಿ. ಅಗೆಯುವುದು ಬೇಡ: ಸುತ್ತ ಅಗಳ ತೋಡಿ ಗೊಬ್ಬರ ತುಂಬುವಾಗ ಗುದ್ದಲಿಗೆ ಸಿಗುವುದು, ಆ ಗೊಬ್ಬರ ಹೀರಬೇಕಾಗಿದ್ದ ಬೇರುಗಳೇ. ಹಸಿ ಸಗಣಿ, ಗಟ್ಟಿ ಸ್ಲರಿ ಎರಡೂ ಬೇರನ್ನು ಸುಡುತ್ತವೆ. ಕೊಟ್ಟಿಗೆ ಗೊಬ್ಬರ ಸಿಗದಿದ್ದರೆ ಯೂರಿಯಾ ಆದೀತು, ಆದರೆ ಇಷ್ಟು ಜಾಗಕ್ಕೆ ಒಟ್ಟು 600 ಗ್ರಾಂ ಮೀರಬಾರದು. ಅರ್ಧ ಸೆಪ್ಟೆಂಬರ್ ಕೊನೆಯಲ್ಲಿ, ಇನ್ನರ್ಧ ಮುಂದಿನ ಜೂನಿನ ಮೊದಲ ಮಳೆಗಳಿಗೆ ಮಣ್ಣು ನೆನೆದ ಮೇಲೆ.

ವಾಹನ ನಿಂತು, ಜನ ಓಡಾಡಿ ಜಂಬಿಟ್ಟಿಗೆಯಂತೆ ಗಟ್ಟಿಯಾದ ನೆಲದಲ್ಲಿ ಎರಚಿದ್ದು ಕೆಳಗಿಳಿಯುವುದಿಲ್ಲ. ಅಲ್ಲಿ ಹಾರೆಯಿಂದ ಎರಡು ಅಂಗುಲ ಅಗಲ, ಒಂದಡಿ ಆಳದ ತೂತುಗಳನ್ನು ಎರಡರಿಂದ ಮೂರು ಅಡಿ ಅಂತರದಲ್ಲಿ ಹೊಡೆದು, ಕಳಿತ ಗೊಬ್ಬರ ಮತ್ತು ಮರಳು ಸಮ ಬೆರೆಸಿ ತುಂಬಿ. ಹಾರೆಗೆ ದಪ್ಪ ಬೇರು ತಾಗಿದರೆ ಜಾಗ ಬದಲಿಸಿ. ಇದರಲ್ಲಿ ಗೊಬ್ಬರಕ್ಕಿಂತ ಹೆಚ್ಚು ಕೆಲಸ ಮಾಡುವುದು ಬೇರಿಗೆ ಸಿಗುವ ಗಾಳಿ.

ಸುಣ್ಣ, ರಂಜಕ, ಪೊಟ್ಯಾಶ್ ಮಾತ್ರ ಅಂದಾಜಿನಲ್ಲಿ ಹಾಕುವಂಥದ್ದಲ್ಲ. ನಮ್ಮ ಕೆಮ್ಮಣ್ಣು ಸಾಮಾನ್ಯವಾಗಿ ಹುಳಿ. ಆದರೆ ಸಿಮೆಂಟು, ಗಾರೆ ಚೂರು ಬಿದ್ದ ಮನೆಯಂಗಳ ಅದಕ್ಕೆ ತದ್ವಿರುದ್ಧ ಇರಬಹುದು. ಅಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿದರೆ ಅದು ಕಬ್ಬಿಣದ ಕೊರತೆ, ಸುಣ್ಣ ಹಾಕಿದರೆ ಹೆಚ್ಚುತ್ತದೆ. ಎಂಟು ಹತ್ತು ಕಡೆಯಿಂದ ಒಂದಡಿ ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಎಲ್ಲಿ ಕೊಡಬೇಕೆಂದು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಸುಣ್ಣ ಬೇಕೆಂದು ಬಂದರೆ ಅದಕ್ಕೂ ಯೂರಿಯಾಕ್ಕೂ ಒಂದು ತಿಂಗಳ ಅಂತರವಿರಲಿ, ಇಲ್ಲವಾದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಬುಡದಲ್ಲಿ ಕಟ್ಟಿಗೆಯಷ್ಟು ಗಟ್ಟಿಯಾದ ಅಣಬೆ ಎದ್ದಿದ್ದರೆ ಇದ್ಯಾವುದೂ ನಾಟುವುದಿಲ್ಲ, ಒಳಗೆ ಬೇರು ಕೊಳೆತಿರುತ್ತದೆ. ಅಂಥ ಮರ ಮನೆಯ ಕಡೆಗೋ ರಸ್ತೆಯ ಕಡೆಗೋ ವಾಲಿದ್ದರೆ ಮೇ ಮುಗಿಯುವುದರೊಳಗೆ ಅರಣ್ಯ ಇಲಾಖೆಯವರಿಗೆ ತೋರಿಸಿ. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಸ್ವಂತ ಜಾಗದ ಮರವಾದರೂ ಕಡಿಯುವ ಮೊದಲು ಅನುಮತಿ ಬೇಕೇ ಎಂದು ಅಲ್ಲೇ ವಿಚಾರಿಸಿಕೊಳ್ಳಿ.