ರಾತ್ರಿ ಎರಡು ಗಂಟೆಯ ಬಿಸಿ: ನನ್ನ ಅನುಭವ

ಚಿಕ್ಕಬಳ್ಳಾಪುರದ ಕಡೆ ನಮ್ಮದೊಂದು ತಗ್ಗಿನ ಹೊಲವಿದೆ. ರಾಗಿ ಕೊಯ್ಲಾದ ಮೇಲೆ, ಮಾಗಿಯ ಮೋಡವಿಲ್ಲದ ರಾತ್ರಿಗಳಲ್ಲಿ, ಅಲ್ಲಿ ಮೊಣಕಾಲೆತ್ತರದ ಉಷ್ಣಾಂಶ ಸಂಜೆಯಿಂದ ಒಂದೇ ಸಮನೆ ಇಳಿಯುತ್ತ ಬಂದು, ಎರಡು ಗಂಟೆಯ ಆಸುಪಾಸಿನಲ್ಲಿ ಎಂಟು ಹತ್ತು ನಿಮಿಷಗಳೊಳಗೆ ಸುಮಾರು ಮೂರು ಡಿಗ್ರಿ ಮೇಲಕ್ಕೆ ಜಿಗಿದು, ಮತ್ತೆ ಇಳಿಯತೊಡಗುತ್ತದೆ. ಹವಾಮಾನ ಅಳೆಯುವ ಹವ್ಯಾಸದ ಗೆಳೆಯರಿಗೆ ಇದನ್ನು ಹೇಳಿದಾಗ ಎಲ್ಲರ ಉತ್ತರವೂ ಒಂದೇ ಆಗಿತ್ತು: ಸೆನ್ಸರ್ ಕೆಟ್ಟಿದೆ. ಅವರನ್ನು ಒಪ್ಪಿಸಲು ನನಗೆ ಮೂರು ಚಳಿಗಾಲ ಹಿಡಿಯಿತು.

ಮೊದಲ ಚಳಿಗಾಲದ ಮಟ್ಟಿಗೆ ಅವರು ಹೇಳಿದ್ದೇ ಸರಿ. ನಾನು ಕಟ್ಟಿದ್ದ ಡಿಎಸ್18ಬಿ20 ಎಂಬ ಡಿಜಿಟಲ್ ಉಷ್ಣಾಂಶ ಸೆನ್ಸರಿನ 85 ಡಿಗ್ರಿಯ ಕಾಟ ಬಳಸಿದವರಿಗೆಲ್ಲ ಗೊತ್ತು: ಕರೆಂಟು ಕಡಿದು ಬಂದು, ಹೊಸ ಅಳತೆ ಮುಗಿಯುವ ಮುನ್ನವೇ ಓದಿದರೆ ಅದು 85 ಎಂದು ತೋರಿಸುತ್ತದೆ. ಅರ್ಧ ನಿಮಿಷಕ್ಕೊಂದರಂತೆ ಇಪ್ಪತ್ತು ಅಳತೆಗಳ ಸರಾಸರಿಯನ್ನಷ್ಟೇ ನಾನು ಉಳಿಸಿಕೊಳ್ಳುತ್ತಿದ್ದೆ. ಅದರೊಳಗೆ ಒಂದೇ ಒಂದು 85 ನುಸುಳಿದರೂ ಸರಾಸರಿ ಮೂರೂವರೆ ಡಿಗ್ರಿ ಏರುತ್ತದೆ. ಹೀಗೆ ಹುಟ್ಟಿದ ಏರಿಕೆಗಳನ್ನು ಎರಡು ತಿಂಗಳು ಹೆಮ್ಮೆಯಿಂದ ತೋರಿಸಿಕೊಂಡು ಓಡಾಡಿದ್ದೆ.

ಎರಡನೆಯ ವರ್ಷದ ಅಳತೆಗಳಲ್ಲಿ ದೋಷವಿರಲಿಲ್ಲ, ಏರಿಕೆಗಳೂ ನಿಜವಾಗಿದ್ದವು. ಆದರೆ ಅವು ವಾರವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದಾಗ ಅನುಮಾನವಾಗಿ, ಟಾರ್ಚು ಹಿಡಿದು ಹೋಗಿ ನೋಡಿದೆ. ಮೂರು ಫೇಸ್ ಕರೆಂಟು ಬಂದ ಕೂಡಲೇ ಪಕ್ಕದ ಹೊಲದ ಬೋರ್‌ವೆಲ್ ಮೋಟರ್ ಚಾಲೂ ಆಗಿ, ಇಪ್ಪತ್ತೈದು ಡಿಗ್ರಿಯಷ್ಟಿದ್ದ ಬೆಚ್ಚನೆಯ ನೀರು ನನ್ನ ಕಂಬದಿಂದ ಹತ್ತು ಮಾರು ದೂರದ ಸಾಲುಗಳಲ್ಲಿ ಹರಿಯುತ್ತಿತ್ತು.

ಮೂರನೆಯ ಚಳಿಗಾಲದಲ್ಲಿ ಕಂಬವನ್ನು ಹೊಲದ ಇನ್ನೊಂದು ಮೂಲೆಗೆ ಸಾಗಿಸಿ, ಆರು ಮೀಟರ್ ಕೊಳವೆಯ ಮೇಲೆ 30 ಸೆಂಟಿಮೀಟರ್, 1.2 ಮೀಟರ್, 3 ಮೀಟರ್ ಮತ್ತು 6 ಮೀಟರ್ ಎತ್ತರಗಳಲ್ಲಿ ಉಕ್ಕಿನ ಕವಚವಿಲ್ಲದ, ಉಷ್ಣಾಂಶ ಅಳೆಯುವ ಸಣ್ಣ ಥರ್ಮಿಸ್ಟರ್‌ಗಳನ್ನು ಕಟ್ಟಿದೆ. ಮೋಡ ಬಂದರೆ ತಿಳಿಯಲೆಂದು, ಆಕಾಶದ ಕಡೆ ಮುಖ ಮಾಡಿ ಅಲ್ಲಿಂದ ಬರುವ ಶಾಖವನ್ನು ಅಳೆಯುವ ಒಂದು ಇನ್‌ಫ್ರಾರೆಡ್ ಸೆನ್ಸರನ್ನೂ ಇಟ್ಟೆ. ನಾಲ್ಕೂ ಥರ್ಮಿಸ್ಟರ್‌ಗಳು 0.1 ಡಿಗ್ರಿಯೊಳಗೆ ಹೊಂದಬೇಕು. ಫ್ಲಾಸ್ಕಿನ ಮಂಜುಗಡ್ಡೆ ನೀರಿನಲ್ಲಿ ಎಲ್ಲವನ್ನೂ ಅದ್ದಿ, ಸೊನ್ನೆ ಡಿಗ್ರಿ ತೋರಿಸುತ್ತವೆಯೇ ಎಂದು ನೋಡುವ ವಿಧಾನ ಹವ್ಯಾಸಿಗಳಿಗೆಲ್ಲ ತಿಳಿದದ್ದೇ, ಅದರ ನಂತರ ನಾನು ಮಾಡುವ ಇನ್ನೊಂದು ಕೆಲಸವನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಟ್ಟು ಖರ್ಚು ಹನ್ನೊಂದು ಸಾವಿರದ ಹತ್ತಿರ. ಅದರಲ್ಲಿ ನಾಲ್ಕು ಸಾವಿರ ನೀರಿಗೆ ಹಾಕಿದಂತಾಯಿತು: ಗಾಳಿಮಾಪಕದ ಬಟ್ಟಲುಗಳು ಮೆಲುಗಾಳಿಗೆ ತಿರುಗಲೇ ಇಲ್ಲ, ತಂತಿಯನ್ನು ಇಲಿ ಕಡಿಯಿತು, ಪವರ್ ಬ್ಯಾಂಕು ಬಳಕೆ ಕಡಿಮೆಯೆಂದು ನಡುರಾತ್ರಿ ತಾನಾಗಿಯೇ ಆರಿಹೋಗುತ್ತಿತ್ತು.

ಜನವರಿಯ ಒಂದು ರಾತ್ರಿ ನಾನು ಕಾಯುತ್ತಿದ್ದದ್ದು ಸಿಕ್ಕಿತು. ಕೆಳಗಿನ ಸೆನ್ಸರ್ 11ರ ಹತ್ತಿರ, ತುದಿಯದು 15 ಚಿಲ್ಲರೆ. ಒಂದು ಐವತ್ತರ ಸುಮಾರಿಗೆ ಕೆಳಗಿನದು ಏರತೊಡಗಿದ ಕ್ಷಣದಲ್ಲೇ ಮೇಲಿನದು ಇಳಿಯತೊಡಗಿ, ಎರಡರ ನಡುವಿನ ಅಂತರ ಒಂದು ಡಿಗ್ರಿಗೂ ಕಡಿಮೆಯಾಯಿತು. ಅಂದರೆ ಬಿಸಿ ಹೊಸದಾಗಿ ಎಲ್ಲಿಂದಲೂ ಬಂದದ್ದಲ್ಲ. ತಲೆಯ ಮೇಲೆಯೇ ಇದ್ದ ಬೆಚ್ಚನೆಯ ಪದರವನ್ನು ಗಾಳಿಯ ಒಂದು ಅಲೆ ಕಲಕಿ ನೆಲಕ್ಕೆ ಇಳಿಸಿತ್ತು. ಮೋಡದಿಂದಾಗುವ ಏರಿಕೆಯ ನಡೆಯೇ ಬೇರೆ: ಆಕಾಶ ನೋಡುವ ಸೆನ್ಸರ್ ಮೊದಲು ಏರುತ್ತದೆ, ಉಳಿದವು ನಿಧಾನವಾಗಿ ಹಿಂಬಾಲಿಸುತ್ತವೆ, ತುದಿಯದು ಇಳಿಯುವುದೇ ಇಲ್ಲ. ಕೆಟ್ಟ ಸೆನ್ಸರ್ ಎಂದವರಿಗೆ, ಒಂದು ಏರುವಾಗ ಇನ್ನೊಂದು ಇಳಿಯುವ ಈ ಕನ್ನಡಿ ಗೆರೆಗಳನ್ನು ಕಳುಹಿಸಿದೆ. ಅವರಲ್ಲಿ ಇಬ್ಬರು ಈಗ ತಮ್ಮ ಹೊಲದಲ್ಲೂ ಕಂಬ ನಿಲ್ಲಿಸಿದ್ದಾರೆ.

ಊದುಬತ್ತಿ ಹಚ್ಚಿಟ್ಟೂ ನೋಡಿದೆ. ಹೊಗೆ ಒಂದು ಮೊಳ ಏರಿ ಹಾಳೆಯಂತೆ ಮಟ್ಟಸವಾಗಿ ಹರಡಿಕೊಳ್ಳುತ್ತಿತ್ತು. ಏರಿಕೆಗೆ ತುಸು ಮುಂಚೆ ಆ ಹಾಳೆ ಚಿಂದಿಯಾಗುತ್ತಿತ್ತು. ಆರು ರೂಪಾಯಿಯ ಈ ಉಪಕರಣ ಗಾಳಿಮಾಪಕಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಇನ್ನೊಮ್ಮೆ ಬರಿಮಣ್ಣಿನ ಪಟ್ಟಿಯ ಮೇಲೆ ಐದು ಸೆಂಟಿಮೀಟರಿಗೊಂದು ಸೆನ್ಸರ್ ಇಟ್ಟಾಗ, ಅತಿ ತಂಪು ನೆಲಕ್ಕೆ ತಾಗಿರದೆ ಒಂದು ಗೇಣು ಮೇಲಿತ್ತು. ಹವಾಮಾನ ವಿಜ್ಞಾನಿ ಎಲ್.ಎ. ರಾಮದಾಸ್ ಅವರು 1932ರಲ್ಲಿ ಪುಣೆಯಿಂದ ವರದಿ ಮಾಡಿ ಹಲವರ ಅಪನಂಬಿಕೆಗೆ ಗುರಿಯಾದ, ಮುಂದೆ ಬೆಂಗಳೂರಿನಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಕಾರಣ ಹುಡುಕಿದ ಪದರ ಅದೇ. ಕಲಕುವ ಗಾಳಿ ಬಂದೊಡನೆ ಅದೂ ಅಳಿಸಿಹೋಗುತ್ತಿತ್ತು.

ಒಂದು ರಾತ್ರಿಯ ದಾಖಲೆ ಮಾತ್ರ ಇನ್ನೂ ಈ ಲೆಕ್ಕಕ್ಕೆ ಕೂರುತ್ತಿಲ್ಲ. ಅಂದು ಹೊಗೆ ಅಲುಗಲಿಲ್ಲ, ತುದಿಯ ಸೆನ್ಸರ್ ಕದಲಲಿಲ್ಲ, ಕೆಳಗಿನದು ಮಾತ್ರ ಒಂದು ಡಿಗ್ರಿ ಏರಿತು. ಬೆಳಿಗ್ಗೆ ಹೋಗಿ ನೋಡಿದಾಗ ಅದರ ಮೇಲೆ ಇಬ್ಬನಿ ದಪ್ಪಗೆ ಕಟ್ಟಿತ್ತು. ಆವಿ ನೀರಾಗುವಾಗ ಬಿಸಿ ಹೊರಬೀಳುತ್ತದೆ, ಹಾಗಾಗಿ ನನ್ನ ಅನುಮಾನ ಇಬ್ಬನಿಯ ಮೇಲೆಯೇ ಇದೆ. ಮುಂದಿನ ಮಾಗಿಗೆ ಅದರ ಪಕ್ಕದಲ್ಲಿ ತೇವಾಂಶದ ಸೆನ್ಸರೊಂದನ್ನು ಕಟ್ಟಲಿದ್ದೇನೆ.