ಕಲ್ಲು ದಿಲ್ಲಿದು, ಮರ ಮಹಾರಾಷ್ಟ್ರದ್ದು: ಬೊರಿವಲಿ ಕಾಡಲ್ಲಿ ಪರ್ಮಿಷನ್ ತಗೊಂಡ ನನ್ನ ಅನುಭವ

ಮುಂಬೈನ ಬೊರಿವಲಿ ನ್ಯಾಷನಲ್ ಪಾರ್ಕಿಗೆ ಚಳಿಗಾಲ ಬಂತಂದ್ರೆ ನಮ್ಮ ಕನ್ನಡ ಸಂಘದ ಮಕ್ಕಳನ್ನ ಕರ್ಕೊಂಡು ಹೋಗೋದು ನನ್ನ ಡ್ಯೂಟಿ. ಮಕ್ಕಳಿಗೆ ಚಿರತೆ ಬೇಕು, ನಂಗೆ ಅಮೋಘವರ್ಷ ಬೇಕು. ಹ್ಞೂಂ, ನಮ್ಮ ನೃಪತುಂಗನೇ. ಪಾರ್ಕೊಳಗಿರೋ ಹಳೇ ಬೌದ್ಧ ಗುಹೆಗಳು, ಕಾನ್ಹೇರಿ ಅಂತ, ಅಲ್ಲಿನ ಶಾಸನದಲ್ಲಿ ಅವನ ಹೆಸರಿದೆ, ಆಗ ಕೊಂಕಣ ಆಳ್ತಿದ್ದ ಶಿಲಾಹಾರರು ಅವನ ಸಾಮಂತರು.

ಮೊದಲ ವರ್ಷ ನಾನು ಮಾಡಿದ ಪೆದ್ದುತನ ಅಂದ್ರೆ ಒಂದೇ ಲೆಟರ್ ಬರೆದಿದ್ದು. ನಲವತ್ತೈದು ಜನ ಬರ್ತೀವಿ, ಗುಹೆ ಮುಂದೆ ಹತ್ತು ನಿಮಿಷದ ನಾಟಕ, ಒಂದು ಚಿಕ್ಕ ಸ್ಪೀಕರ್, ಬ್ಯಾನರ್ ಅಂತ ಎಲ್ಲಾ ಒಂದರಲ್ಲೇ ತುಂಬಿಸಿ ಫಾರೆಸ್ಟ್ ಆಫೀಸಲ್ಲಿ ಕೊಟ್ಟೆ. ಅಲ್ಲಿದ್ದ ಕ್ಲಾರ್ಕ್ ಪೂರ್ತಿ ಓದಿ, ನಾಟಕದ ಸಾಲಿನ ಮೇಲೆ ಬೆರಳಿಟ್ಟು "ತೇ ಆಮ್ಚಂ ನಾಹೀ", ಅಂದ್ರೆ ಅದು ನಮ್ಮದಲ್ಲ, ಅಂದ್ರು.

ಆಮೇಲೆ ಕೂತು ಓದ್ಕೊಂಡಾಗ ಗೊತ್ತಾಯ್ತು. ಪಾರ್ಕು ಸುಮಾರು 104 ಚದರ ಕಿಮೀ, ನಡೆಸೋದು ಮಹಾರಾಷ್ಟ್ರದ ಅರಣ್ಯ ಇಲಾಖೆ. ಅದರ ನಟ್ಟನಡುವೆ ಇರೋ ಕಾನ್ಹೇರಿ ಮಾತ್ರ ಕೇಂದ್ರದ ಪುರಾತತ್ವ ಇಲಾಖೆ ಅಂದ್ರೆ ಎಎಸ್‌ಐ ಕೈಲಿ. ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಮನರಂಜನೆ ಏನು ಮಾಡ್ಬೇಕಂದ್ರೂ ಕೇಂದ್ರದ ಲಿಖಿತ ಅನುಮತಿ ಬೇಕು, 1959ರ ರೂಲ್ಸಲ್ಲೇ ಇದೆ. ಗುಹೆ ಸುತ್ತ 100 ಮೀಟರ್ ಏನೂ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಕೇಳಿ ಕಟ್ಬೇಕು. ಅದು ಕಾಡೊಳಗಾದ್ರೂ ಅಷ್ಟೇ. ಇನ್ನು ತುಳಸಿ, ವಿಹಾರ್ ಕೆರೆಗಳು ಮಹಾನಗರಪಾಲಿಕೆದು, ಅವು ಕುಡಿಯೋ ನೀರು, ಅಲ್ಲಿಗೆ ಗುಂಪು ಕಟ್ಕೊಂಡು ಹೋಗೋ ಯೋಚನೆನೇ ಬಿಟ್ಟೆ.

ಒಬ್ಳು ಹುಡುಗಿ ಕೇಳಿದ್ಲು, ಅಂಕಲ್, ಚಿರತೆ ಗುಹೆ ಒಳಗೆ ಮಲಗಿದ್ರೆ ಅದು ಯಾರ್ದು ಅಂತ. ನಂಗೆ ತಕ್ಷಣ ಹೊಳೀಲಿಲ್ಲ. ಕಲ್ಲು ಎಎಸ್‌ಐದು, ಆದ್ರೆ ಚಿರತೆ ಹಿಡೀಬೇಕಂದ್ರೆ ರಾಜ್ಯದ ಚೀಫ್ ವೈಲ್ಡ್‌ಲೈಫ್ ವಾರ್ಡನ್ ಅಪ್ಪಣೆ ಕೊಡ್ಬೇಕು, ಆ ವಾರ್ಡನ್‌ಗೆ ಅಧಿಕಾರ ಕೊಟ್ಟಿದ್ದು ಪಾರ್ಲಿಮೆಂಟ್ ಮಾಡಿದ 1972ರ ವನ್ಯಜೀವಿ ಕಾಯ್ದೆ. ಕಾಡು ಮೊದ್ಲು ಸಂವಿಧಾನದ ರಾಜ್ಯ ಪಟ್ಟಿಲಿತ್ತು, 1976ರಲ್ಲಿ 42ನೇ ತಿದ್ದುಪಡಿ ಬಂದು ಅರಣ್ಯ, ವನ್ಯಜೀವಿ ಎರಡೂ ಸಮವರ್ತಿ ಪಟ್ಟಿಗೆ, ಅಂದ್ರೆ ಕೇಂದ್ರ ರಾಜ್ಯ ಇಬ್ರೂ ಕಾನೂನು ಮಾಡ್ಬಹುದಾದ ಪಟ್ಟಿಗೆ ಹೋದ್ವು, ಅದಕ್ಕೇ ಪಾರ್ಕ್ ಘೋಷಣೆ ರಾಜ್ಯ ಮಾಡಿದ್ರೂ ಗಡಿ ಬದಲಾಯಿಸ್ಬೇಕಂದ್ರೆ ರಾಷ್ಟ್ರೀಯ ವನ್ಯಜೀವಿ ಮಂಡಳಿ ಶಿಫಾರಸು ಬೇಕು. ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ 2016ರಲ್ಲಿ ಹೊರಡಿಸಿದ್ದೂ ಕೇಂದ್ರದ ಮಂತ್ರಾಲಯ. ಇಷ್ಟೆಲ್ಲಾ ಆ ಹುಡುಗಿಗೆ ಹೇಳಿಲ್ಲ ಬಿಡಿ, ಎಬ್ಬಿಸೋಕೆ ಹೋಗ್ಬೇಡ ಅಂದೆ ಅಷ್ಟೇ.

ಈಗ ನಾನು ಮಾಡೋದು ಹೀಗೆ. ಮೊದ್ಲು ಏನೇನು ಮಾಡ್ತೀವಿ ಅಂತ ಬರ್ಕೊಂಡು, ಒಂದೊಂದರ ಎದುರಿಗೆ ಅದು ಕಾಡಿಗೆ ಸೇರಿದ್ದಾ ಗುಹೆಗೆ ಸೇರಿದ್ದಾ ಅಂತ ಗುರುತು ಹಾಕ್ತೀನಿ. ನಡಿಗೆ, ಗುಂಪಿನ ಸಂಖ್ಯೆ, ಜೊತೆಗೊಬ್ಬ ಗಾರ್ಡ್ ಬೇಕಾ, ಇದೆಲ್ಲಾ ಪಾರ್ಕ್ ಆಫೀಸಿಗೆ, ಮರಾಠಿಲೇ ಬರೀತೀನಿ. ಟ್ರೈಪಾಡ್ ಇಟ್ಟು ಶಾಸನದ ಫೋಟೋ ತೆಗೀಬೇಕಂದ್ರೆ ಎಎಸ್‌ಐಗೆ ಬೇರೆ ಲೆಟರ್, ಬೇರೆ ಫೈಲು. ಅಲ್ಲಿಗೆ ಕೊಟ್ಟಿದ್ದರ ಒಂದು ಕಾಪಿ ಇಲ್ಲಿಗೆ, ಇಲ್ಲಿಗೆ ಕೊಟ್ಟಿದ್ದು ಅಲ್ಲಿಗೆ, ಸಹಿ ಸಿಕ್ಕಾ ಹಾಕಿಸ್ಕೊಂಡು ನಾನೊಂದು ಇಟ್ಕೋತೀನಿ. ಸೋಮವಾರ ಎರಡೂ ಬಂದ್, ಅದೊಂದು ಅನುಕೂಲ. ನಾಟಕ ಗುಹೆ ಮುಂದೆ ಬೇಡ ಅಂತ ಸಂಘದ ಹಾಲಲ್ಲೇ ಹಿಂದಿನ ದಿನ ಆಡಿಸ್ತೀವಿ, ಸ್ಪೀಕರ್ ಕಾಡಿಗೆ ತರೋದೇ ಇಲ್ಲ.

ಟಿಕೆಟ್ಟೂ ಎರಡು. ಹೈವೇ ಗೇಟಲ್ಲಿ ಪಾರ್ಕಿಂದು, ಆರೇಳು ಕಿಮೀ ಒಳಗೆ ಹೋದ್ಮೇಲೆ ಗುಹೆದು. ಪಾರ್ಕಲ್ಲಿ ಮಕ್ಕಳಿಗೆ ಬೇರೆ ರೇಟು, ಎಎಸ್‌ಐಲಿ ಹದಿನೈದರ ಒಳಗಿನವರಿಗೆ ಪುಕ್ಕಟೆ, ಹೀಗಾಗಿ ತಲೆಲೆಕ್ಕ ಎರಡು ಕಡೆ ಎರಡು ಥರ ಬರುತ್ತೆ. ನಮ್ಮ ಖಜಾಂಚಿ ಮೇಷ್ಟ್ರು ಇವತ್ತಿಗೂ ಆ ಲೆಕ್ಕ ನೋಡಿ, ಗುಹೆ ಹತ್ರ ಮಕ್ಕಳನ್ನ ಎಲ್ಲಿ ಬಿಟ್ಟ್ರಿ ಅಂತ ಕೇಳ್ತಾರೆ.